ಕ್ಯಾಮೆರಾ ಹಿಂದೆ ಕೂತು ಸಾಲು ಕೂಗಿದವಳು

ನನ್ನ ದನಿಯನ್ನು ನೀವು ಟಿವಿಯಲ್ಲಿ ಎಂದೂ ಕೇಳಿಲ್ಲ. ನಾನು ಕೆಲಸವನ್ನು ಚೆನ್ನಾಗಿ ಮಾಡಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಹಾಸ್ಯ ಧಾರಾವಾಹಿಗಳ ಸೆಟ್‌ನಲ್ಲಿ ನಾನು ಪ್ರಾಂಪ್ಟಿಂಗ್ ಮಾಡುತ್ತಿದ್ದೆ. ಕ್ಯಾಮೆರಾ ಪಕ್ಕದಲ್ಲೊಂದು ಸ್ಟೂಲ್ ಹಾಕಿಕೊಂಡು, ಸೀನ್ ಪೇಪರ್ ಕೈಯಲ್ಲಿ ಹಿಡಿದು, ಒಂದೊಂದೇ ಸಾಲನ್ನು ಜೋರಾಗಿ ಹೇಳಬೇಕು. ನಟರು ಅದನ್ನು ಕೇಳಿಸಿಕೊಂಡು ಅಭಿನಯ ಸೇರಿಸಿ ಮತ್ತೆ ಹೇಳುತ್ತಾರೆ. ಆಮೇಲೆ ಎಡಿಟರ್ ಕೂತು ನನ್ನ ದನಿ ಇರುವ ಜಾಗವನ್ನೆಲ್ಲ ಕತ್ತರಿಸಿ ಬಿಸಾಡುತ್ತಾನೆ. ದಿನಕ್ಕೊಂದು ಎಪಿಸೋಡ್ ಮುಗಿಸಬೇಕು, ಸೀನ್ ಪೇಪರ್ ಬರುವುದೇ ಇಡ್ಲಿ ತಿನ್ನುವ ಹೊತ್ತಿಗೆ. ಅದನ್ನು ಬಾಯಿಪಾಠ ಮಾಡುವ ಪುರಸೊತ್ತು ಯಾರಿಗಿತ್ತು?

ಈಗ ಧಾರಾವಾಹಿಗೆ ಸಹಾಯಕ ನಿರ್ದೇಶಕರಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದುಂಟು, “ಮೇಡಂ, ಸುಮ್ನೆ ಓದೋದೇ ಅಲ್ವಾ?” ಹಾಗೆ ಕೇಳಿದವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಶಮೀಮ್. ಮನೆ ಆರ್.ಟಿ. ನಗರ. ಮನೆಯೊಳಗೆ ದಖ್ನಿ ಉರ್ದು, ಓದಿದ್ದು ಕನ್ನಡ ಮೀಡಿಯಂ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೊತ್ತಿಗೆ ಪೇಪರ್ ಓದುವ ಕೆಲಸ ಯಾವಾಗಲೂ ನನ್ನದೇ, ಯಾಕೆಂದರೆ ನನಗೆ ಮೈಕ್ ಬೇಕಿರಲಿಲ್ಲ. ಪಕ್ಕದ ಮನೆಯ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರು, ನಾನು ಮಹಡಿಯಿಂದ ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವುದನ್ನು ಕೇಳಿ ಈ ಕೆಲಸಕ್ಕೆ ಕರೆದುಕೊಂಡು ಹೋದರು. ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲೂ ಅದೇ ದನಿ ಅಂಟಿಕೊಂಡಿತು. ಅತ್ತೆ ಕಿವಿ ಮುಚ್ಚಿಕೊಂಡು, “ಚಿಲ್ಲಾವ್ ನಕ್ಕೋ ಬೇಟಾ” ಅನ್ನುತ್ತಿದ್ದರು. ಕಿರುಚಬೇಡ ಮಗಳೇ ಅಂತ. ಉಪ್ಪು ಕೊಡಿ ಅಂತ ಹೇಳಿ, ಎದುರಿಗಿದ್ದವರು ಅದನ್ನೇ ತಿರುಗಿ ಹೇಳಲಿ ಅಂತ ಕಾಯುವಷ್ಟು ಕೆಟ್ಟು ಹೋಗಿದ್ದೆ.

ಶೂಟಿಂಗ್ ನಡೆಯುತ್ತಿದ್ದದ್ದು ಯಲಹಂಕದ ಒಂದು ಬಾಡಿಗೆ ಮನೆಯಲ್ಲಿ. ಮೊದಲ ವಾರವೇ ನಮ್ಮ ನಿರ್ದೇಶಕರಿಂದ ಬೈಸಿಕೊಂಡೆ. ಅವರು ಹಳಬರು, ರಾಮಚಂದ್ರ ಸರ್. ನಾನು ಸಾಲುಗಳನ್ನು ಭಾವ ತುಂಬಿ, ಕೈಯಾಡಿಸಿ ಹೇಳುತ್ತಿದ್ದೆ. ಅವರು ಶೂಟಿಂಗ್ ನಿಲ್ಲಿಸಿ ಹತ್ತಿರ ಬಂದರು.

“ನೋಡಮ್ಮ, ನೀನು ಹಪ್ಪಳ ಒಣಗಿಸಿ ಕೊಡು ಸಾಕು. ಕರಿಯೋದು ಅವರ ಕೆಲಸ.”

ನಾನು ಕಲಿತ ಪಾಠಗಳಲ್ಲಿ ಅದೇ ದೊಡ್ಡದು. ಸಾಲಿನಲ್ಲಿ ನಮ್ಮ ರಾಗ ಇರಬಾರದು. ಇದ್ದರೆ ನಟರಿಗೆ ಅದೇ ಅಂಟುತ್ತದೆ. ಒಮ್ಮೆ ನನಗೆ ಗಂಟಲು ಕಟ್ಟಿ ದನಿ ಕುಗ್ಗಿತ್ತು, ಆದರೂ ರಜೆ ಹಾಕದೆ ಹೋಗಿ ಕೂತೆ. ಅವತ್ತು ಧಾರಾವಾಹಿಯ ಇಡೀ ಸಂಸಾರ ಮೆಲ್ಲಗೆ, ಎದೆ ಭಾರವಾದವರ ಹಾಗೆ ಮಾತಾಡಿತು. ದೋಸೆ ಸೀದು ಹೋದದ್ದಕ್ಕೆ ಜಗಳ ಆಡುವ ಸೀನ್ ಅದು. ನೋಡಿದರೆ ಮನೆಯಲ್ಲಿ ಯಾರೋ ತೀರಿಕೊಂಡ ಹಾಗಿತ್ತು. ಮಾರನೆಯ ದಿನ ಪೂರ್ತಿ ಸೀನನ್ನು ಮತ್ತೆ ತೆಗೆದೆವು.

ಇನ್ನೊಂದು ವಿಷಯ, ನಗಿಸುವ ಸಾಲನ್ನು ಒಡೆದು ಕೊಡಬಾರದು. “ಅಳಿಯಂದ್ರು ಬಂದ್ರು ಅಂತ ಪಾಯಸ ಮಾಡ್ಲಿಲ್ಲ, ಹೊರಡ್ತಿದಾರೆ ಅಂತ ಮಾಡ್ದೆ.” ಇದನ್ನು ಅರ್ಧಕ್ಕೆ ನಿಲ್ಲಿಸಿ ಕೊಟ್ಟರೆ ನಟಿ ಅರ್ಧ ಹೇಳಿ ನನ್ನ ಮುಖ ನೋಡುತ್ತಾಳೆ, ಅಷ್ಟರಲ್ಲಿ ನಗು ಹಾರಿಹೋಗಿರುತ್ತದೆ. ಒಂದೇ ಉಸಿರಿಗೆ ಎಷ್ಟು ತೆಗೆದುಕೊಳ್ಳಬಲ್ಲರು ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ. ಅದನ್ನು ನಾನು ಅವರು ಕಾಫಿ ಕುಡಿಯುವಾಗ ಮಾತಾಡುವ ರೀತಿ ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಇದರಲ್ಲಿ ನನ್ನನ್ನು ಮೀರಿಸಿದವರನ್ನು ನಾನಂತೂ ನೋಡಲಿಲ್ಲ.

ಹಾಗಂತ ಎಡವಟ್ಟು ಆಗಲಿಲ್ಲವೇ? ಆಯಿತು. ಮಾವನ ಪಾತ್ರ ಮಾಡುತ್ತಿದ್ದ ಗಂಗಾಧರಪ್ಪನವರಿಗೆ ಸಾಲು ಕೊಡುತ್ತಿದ್ದೆ. ನಾವೆಲ್ಲ ಅವರನ್ನು ಗಂಗಣ್ಣ ಅನ್ನುತ್ತಿದ್ದೆವು. “ಸಕ್ಕರೆ ಕಮ್ಮಿ ಹಾಕು ಅಂದಿದ್ದೆ” ಅಂತ ಹೇಳಿದವಳೇ, ಅವರ ಪಂಚೆ ಕಾಲಿಗೆ ತೊಡರುತ್ತಿರುವುದು ಕಂಡು ಅದೇ ದನಿಯಲ್ಲಿ “ಪಂಚೆ ಎತ್ತಿ ಕಟ್ಟಿ” ಅಂದುಬಿಟ್ಟೆ. ಗಂಗಣ್ಣ ಸೊಸೆಯ ಮುಖಕ್ಕೆ ಬೆರಳು ತೋರಿಸಿ, ಕಣ್ಣು ಕೆಂಪು ಮಾಡಿ, “ಸಕ್ಕರೆ ಕಮ್ಮಿ ಹಾಕು ಅಂದಿದ್ದೆ, ಪಂಚೆ ಎತ್ತಿ ಕಟ್ಟಿ!” ಅಂತ ಗುಡುಗಿದರು. ಸೊಸೆ ಪಾತ್ರದ ಹುಡುಗಿ ಸೋಫಾದಿಂದ ಕೆಳಗೆ ಜಾರಿದಳು. ಕ್ಯಾಮೆರಾಮನ್ ನಗು ತಡೆಯಲಾರದೆ ಹೊರಗೆ ಓಡಿದ. ಗಂಗಣ್ಣನಿಗೆ ಮಾತ್ರ ಏನಾಯಿತೆಂದು ತಿಳಿಯಲೇ ಇಲ್ಲ.

“ಯಾಕ್ ನಗ್ತೀರಿ? ಕ್ವಾಪ ಸಾಲ್ದೇನೋ?” ಅಂದರು.

ಇನ್ನೊಂದು ಎಡವಟ್ಟು ನನ್ನ ದನಿಯಿಂದಲೇ ಆಯಿತು. ನಮ್ಮ ಕಥೆ ಟಿವಿಯಲ್ಲಿ ಬರುವ ಮೊದಲೇ ಶೂಟಿಂಗ್ ಮನೆಯ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಯಾರೋ ನಮ್ಮವರೇ ಹೊರಗೆ ಬಾಯಿಬಿಡುತ್ತಿದ್ದಾರೆ ಅಂತ ಚಾನೆಲ್‌ನವರು ಎಲ್ಲರನ್ನೂ ಅನುಮಾನದಿಂದ ನೋಡತೊಡಗಿದರು. ಕೊನೆಗೆ ತಿಳಿಯಿತು, ಪಕ್ಕದ ಮನೆಯ ಆಂಟಿ ದಿನವೂ ಕಾಂಪೌಂಡ್ ಹತ್ತಿರ ಕುರ್ಚಿ ಹಾಕಿಕೊಂಡು, ಸೊಪ್ಪು ಬಿಡಿಸುತ್ತಾ ನನ್ನ ಪ್ರಾಂಪ್ಟಿಂಗ್ ಕೇಳುತ್ತಿದ್ದರು. ನಾನು ಹೋಗಿ ಕೇಳಿದ್ದಕ್ಕೆ ಅವರು ಸ್ವಲ್ಪವೂ ನಾಚಿಕೊಳ್ಳಲಿಲ್ಲ.

“ನೀವು ಹೇಳೋದೇ ಚೆನ್ನಾಗಿರುತ್ತೆ ಕಣ್ರೀ. ಟಿವೀಲಿ ಅವರೆಲ್ಲ ಓವರ್ ಆಕ್ಟಿಂಗ್ ಮಾಡ್ತಾರೆ.”

ಅಂಥ ಪ್ರಶಸ್ತಿ ನನಗೆ ಮತ್ತೆ ಯಾರೂ ಕೊಡಲಿಲ್ಲ.

ಕಾಲ ಹೀಗೇ ಸಾಗಿತು. ರಾಮಚಂದ್ರ ಸರ್ ಮನೆ ಸೇರಿದರು. ಅವರ ಜಾಗಕ್ಕೆ ಕಿರಣ್ ಬಂದ. ಗಡ್ಡ ಬಿಟ್ಟ, ಚುರುಕಾದ ಹುಡುಗ. ನನ್ನನ್ನು ಮೊದಲ ದಿನದಿಂದಲೂ ಶಮೀಮಕ್ಕ ಅಂತಲೇ ಕರೆದ. ಅವನಿಗೆ ಕೆಲಸ ಗೊತ್ತಿತ್ತು. ಮೂರು ಕ್ಯಾಮೆರಾ ಇಟ್ಟು, ಸೀನನ್ನು ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು, ಒಬ್ಬರು ಮಾತಾಡಿದ ಕೂಡಲೇ ಇನ್ನೊಬ್ಬರ ಮುಖದಲ್ಲಿ ಏನಾಗುತ್ತದೋ ಅದೇ ನಗು ಅಂತ ಅವನ ವಾದ. ಅದು ಸರಿಯಾದ ವಾದವೇ. ಆದರೆ ಮಾತಿನ ನಡುವೆ ನನ್ನ ದನಿ ಬಂದರೆ ಆ ಓಟ ನಿಲ್ಲುತ್ತದೆ. ಸೌಂಡ್ ಹುಡುಗನಂತೂ ಯಲಹಂಕದ ಮೇಲೆ ಹಾರುವ ವಿಮಾನಗಳನ್ನೂ ನನ್ನನ್ನೂ ಒಂದೇ ಥರ ನೋಡುತ್ತಿದ್ದ. ಹೀಗೆ ಪ್ರಾಂಪ್ಟಿಂಗ್ ನಿಂತಿತು. ನಟರಿಗೆ ಹಿಂದಿನ ದಿನವೇ ಪೇಪರ್ ಕೊಟ್ಟು, ಮೇಕಪ್ ರೂಮಿನಲ್ಲಿ ಅವರಿಗೆ ಪಾಠ ಮಾಡಿಸುವುದು ನನ್ನ ಕೆಲಸವಾಯಿತು.

ಹೊಸಬರು ಒಂದು ವಾರದಲ್ಲಿ ಹೊಂದಿಕೊಂಡರು. ಗಂಗಣ್ಣನಿಗೆ ಆಗಲಿಲ್ಲ. ಅವರು ಜೀವಮಾನ ಪೂರ್ತಿ ಕೇಳಿಯೇ ಹೇಳಿದವರು. ಪೇಪರ್ ಕೊಟ್ಟರೆ ಮೂರು ಸಲ ಓದುತ್ತಿದ್ದರು, ಸೆಟ್‌ಗೆ ಬಂದು ನಿಂತರೆ ಎಲ್ಲ ಮಾಯ. ಕಿವಿಗೆ ಬಿದ್ದರೆ ಮಾತ್ರ ಬಾಯಿಗೆ ಬರುತ್ತಿತ್ತು. ಹಾಗೆ ಬಂದಾಗ ಅವರಷ್ಟು ನಗಿಸುವವರು ಆ ಸೆಟ್‌ನಲ್ಲಿ ಇನ್ನೊಬ್ಬರು ಇರಲಿಲ್ಲ.

ಕಿವಿಯೊಳಗೆ ಇಡುವ ಪುಟ್ಟ ಇಯರ್‌ಫೋನ್ ಒಂದನ್ನು ತಂದು ನೋಡಿದೆವು. ನಾನು ಪಕ್ಕದ ಕೋಣೆಯಲ್ಲಿ ಕೂತು ಪಿಸುಗುಟ್ಟಿದೆ. ಗಂಗಣ್ಣ ಕ್ಯಾಮೆರಾ ಮುಂದೆ ಗಕ್ಕನೆ ತಿರುಗಿ, “ಎಲ್ಲಿದೀರಿ ಶಮೀಮಮ್ಮ?” ಅಂದರು. ಎರಡನೇ ಸಲ ಕಿವಿಗೆ ಇರುವೆ ಹೊಕ್ಕವರ ಹಾಗೆ ತಲೆ ಕೊಡವಿದರು. ಮೂರನೇ ಸಲ ಕಿರಣ್ ಇಯರ್‌ಫೋನನ್ನು ಡಬ್ಬಿಗೆ ಹಾಕಿದ. ಆಮೇಲೆ ನನ್ನನ್ನು ಗೇಟ್ ಹತ್ತಿರ ಕರೆದ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ಗಂಗಣ್ಣನ್ನ ಕಾಶಿಗೆ ಕಳಿಸ್ಬೇಕಾಗುತ್ತೆ.”

ಯಾರನ್ನಾದರೂ ಧಾರಾವಾಹಿಯಿಂದ ತೆಗೆದುಹಾಕುವುದಕ್ಕೆ ನಮ್ಮ ಸೆಟ್‌ನಲ್ಲಿ ಹಾಗೇ ಹೇಳುತ್ತಿದ್ದೆವು. ವಯಸ್ಸಾದ ಪಾತ್ರ ಕಾಶಿಗೆ ಹೋಗುತ್ತದೆ, ಹರೆಯದ ಪಾತ್ರ ದುಬೈಗೆ ಹೋಗುತ್ತದೆ. ಹೋದವರು ವಾಪಸ್ ಬಂದದ್ದನ್ನು ನಾನು ಕಂಡಿಲ್ಲ.

ಅವತ್ತು ಊಟದ ಹೊತ್ತಿನಲ್ಲಿ ಗಂಗಣ್ಣ, ಸುಳಿವು ಹತ್ತಿದವರ ಹಾಗೆ, ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು. ಅವರ ಊರು ಹುಣಸಮಾರನಹಳ್ಳಿ. ಅವರ ತಮ್ಮಂದಿರು ಹೊಲಗಳ ಮೇಲೆ ಅಪಾರ್ಟ್‌ಮೆಂಟ್ ಎಬ್ಬಿಸಿ ದೊಡ್ಡ ಮನುಷ್ಯರಾಗಿದ್ದರು. ಗಂಗಣ್ಣನಿಗೂ ಅದರಲ್ಲಿ ಪಾಲಿತ್ತು, ಊಟಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ.

“ದುಡ್ಡಿಗಲ್ಲ ಶಮೀಮಮ್ಮ,” ಅಂದರು. “ಮನೇಲಿ ಕುಂತ್ರೆ ನಾನ್ಯಾರು ಯೋಳಿ? ತಮ್ಮಂದ್ರು ಕಾರ್ ತಕ್ಕೊಂಡ್ ಓಯ್ತಾರೆ, ನಾನು ಗೇಟ್ ತೆಗ್ದು ಆಕ್ಬೇಕು. ಇಲ್ಲಾದ್ರೆ ಮೂರ್ ಲೈಟ್ ಇಡೀತಾರೆ ನನ್ ಮುಖಕ್ಕೆ. ಇಂಗಾದ್ರೆ ಎಂಗೆ?”

ನನಗೆ ಅನ್ನ ಸೇರಲಿಲ್ಲ. ಈ ಮನುಷ್ಯನನ್ನು ಉಳಿಸಿಕೊಳ್ಳಲೇಬೇಕು ಅಂತ ಹಟ ಬಂತು. ಅವರ ಸಾಲು ಅವರ ಕಿವಿಗೆ ಬೀಳಬೇಕು, ಆದರೆ ನಾನು ಹೇಳುವ ಹಾಗಿಲ್ಲ. ಹಾಗಾದರೆ ಕ್ಯಾಮೆರಾ ಮುಂದೆ ಇರುವವರೇ ಯಾರಾದರೂ ಹೇಳಬೇಕು. ಅವರ ಹೆಂಡತಿಯ ಪಾತ್ರ ಮಾಡುತ್ತಿದ್ದ ವಸಂತಕ್ಕ ನೆನಪಾದರು. ವಸಂತಕ್ಕನಿಗೂ ಗಂಗಣ್ಣನಿಗೂ ಅಷ್ಟಕ್ಕಷ್ಟೆ. ಕ್ಲೋಸಪ್ಪನ್ನೆಲ್ಲ ಈತನೇ ನುಂಗುತ್ತಾನೆ ಅಂತ ಅವರ ದೂರು. ಆದರೂ ಮೇಕಪ್ ರೂಮಿಗೆ ಹೋಗಿ ವಿಷಯ ಹೇಳಿದೆ. ಹೆಂಡತಿ ಅನ್ನುವವಳು ಗಂಡ ಬಾಯಿ ತೆರೆಯುವ ಮೊದಲೇ ಅವನು ಏನು ಹೇಳುತ್ತಾನೆಂದು ಹೇಳಿಬಿಡಬೇಕು. ಗಂಡ ಆಮೇಲೆ ಅದನ್ನೇ ಹೇಳಬೇಕು.

ವಸಂತಕ್ಕ ಕನ್ನಡಿಯಲ್ಲೇ ನನ್ನನ್ನು ನೋಡಿದರು. “ಅಂದ್ರೆ ಅವರ ಡೈಲಾಗೂ ನನಗೇ?”

“ನಿಮಗೇ.”

“ನಗು ಯಾರಿಗೆ ಬರುತ್ತೆ?”

“ಅವರಿಗೆ.”

ಸ್ವಲ್ಪ ಯೋಚಿಸಿ, ಹಣೆಗೆ ಕುಂಕುಮ ತಿದ್ದಿಕೊಂಡು, “ನಗು ಅವರು ಇಟ್ಕೊಳ್ಳಿ, ಮಾತು ನನಗೆ ಕೊಡಿ. ಒಪ್ಪಿದೆ” ಅಂದರು.

ಕಿರಣ್‌ಗೆ ಹೇಳಿದಾಗ ಅವನು ಗಡ್ಡ ಕೆರೆದುಕೊಂಡ, ಒಂದು ಸೀನ್ ನೋಡೋಣ ಅಂದ. ವಸಂತಕ್ಕ ಬಟ್ಟೆ ಮಡಚುತ್ತಾ ಶುರು ಮಾಡಿದರು. “ಗೊತ್ತು ರೀ, ಈಗ ನೀವು ಏನಂತೀರ ಅಂತ. ಈ ಮನೇಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಅಂತೀರ.” ಗಂಗಣ್ಣ ಎದ್ದು ನಿಂತರು, ಟವೆಲ್ ಹೆಗಲಿಗೆ ಹಾಕಿದರು, ಎದೆ ಉಬ್ಬಿಸಿದರು. ಭಾರೀ ಹೊಸ ಸಂಗತಿ ಹೇಳುವವರ ಹಾಗೆ, “ಈ ಮನೇಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ!” ಅಂದರು. ಸೌಂಡ್ ಹುಡುಗನೇ ನಕ್ಕು ಟೇಕ್ ಹಾಳು ಮಾಡಿದ.

ಜನಕ್ಕೆ ಅದು ಹುಚ್ಚು ಹಿಡಿಸಿತು. ತರಕಾರಿ ಅಂಗಡಿಯಲ್ಲಿ ಹೆಂಗಸರು ಗಂಡಂದಿರಿಗೆ “ಗೊತ್ತು ರೀ, ಈಗ ನೀವು ಏನಂತೀರ ಅಂತ” ಅನ್ನುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಹಾಸ್ಯ ಎಲ್ಲಿಂದಲೋ ಉದುರುವುದಿಲ್ಲ. ಸೆಟ್‌ನಲ್ಲಿ ಯಾರಿಗೆ ಏನು ಬರುವುದಿಲ್ಲ ಅಂತ ನೋಡಿಕೊಳ್ಳಿ, ಅಲ್ಲೇ ಇರುತ್ತದೆ.

ಆದರೆ ನೆಮ್ಮದಿ ಬಹಳ ದಿನ ಇರಲಿಲ್ಲ. ವಸಂತಕ್ಕನಿಗೆ ಮಂಡಿ ಆಪರೇಷನ್ ಆಯಿತು. ಅವರ ಪಾತ್ರವನ್ನು ತವರಿಗೆ ಕಳಿಸಿದೆವು. ಹೆಂಡತಿ ಇಲ್ಲದೆ ಗಂಗಣ್ಣ ಮತ್ತೆ ಮೂಕರಾದರು. ಒಂದೊಂದು ಸೀನಿಗೆ ಅರ್ಧ ದಿನ ಹೋಗತೊಡಗಿತು. ಈ ಸಲ ಹೇಳಿದ್ದು ಕಿರಣ್ ಅಲ್ಲ, ಚಾನೆಲ್. ಅಲ್ಲಿನ ಮೇಡಂ ಒಬ್ಬರು ತಾವೇ ಸೆಟ್‌ಗೆ ಬಂದು ಕೂತರು, ಆ ದಿನವೇ ಪಾತ್ರ ಮುಗಿಯಬೇಕು ಅಂತ.

ಕಿರಣ್ ನನ್ನ ಕೈಗೆ ಸೀನ್ ಪೇಪರ್ ಕೊಟ್ಟ. ಗಂಗಣ್ಣ ಒಬ್ಬರೇ ಮನೆಯಲ್ಲಿರುತ್ತಾರೆ. ಹಳೇ ಸ್ನೇಹಿತ ಫೋನ್ ಮಾಡಿ ಕಾಶಿಗೆ ಕರೆಯುತ್ತಾನೆ. ಇವರು ಹೊರಡುತ್ತಾರೆ, ಅಷ್ಟೆ.

“ಒಬ್ಬರೇ ಹೇಗೆ ಹೇಳ್ತಾರೋ?” ಅಂದೆ.

“ಫೋನಲ್ವಾ ಅಕ್ಕ? ನೀವು ಟೆರೇಸ್‌ನಿಂದ ನಿಜವಾಗ್ಲೂ ಕಾಲ್ ಮಾಡಿ. ಅವರ ಸಾಲನ್ನ ಫೋನಲ್ಲೇ ಹೇಳಿ. ಫೋನಲ್ಲಿ ಕೇಳಿಸ್ಕೊಂಡು ಮಾತಾಡೋದು ಸಹಜವಾಗೇ ಇರುತ್ತೆ.”

ಉಪಾಯ ಚೆನ್ನಾಗಿತ್ತು. ಆಡಬೇಕಾದ ಮಾತೇ ಚೆನ್ನಾಗಿರಲಿಲ್ಲ.

“ಇದು ಕೊನೇ ಸೀನು ಅಂತ ಅವರಿಗೆ ಹೇಳಿದೀಯಾ?”

ಅವನು ನೆಲ ನೋಡಿದ. “ನಿನ್ನೇನೇ ಪೇಪರ್ ಕಳಿಸ್ದೆ, ಬರೀ ಯಾತ್ರೆಗೆ ಹೋಗಿ ಬರೋ ಸೀನು ಅಂದಿದೀನಿ. ಟೇಕ್ ಆದ್ಮೇಲೆ ಹೇಳೋಣ ಅಕ್ಕ. ಮೊದ್ಲೇ ಹೇಳಿದ್ರೆ ಮುಖದಲ್ಲಿ ಗೊತ್ತಾಗ್ಬಿಡುತ್ತೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೂ ಪೇಪರ್ ತೆಗೆದುಕೊಂಡು ಟೆರೇಸ್ ಹತ್ತಿದೆ. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ. ಕೆಳಗೆ ಕಿರಣ್ “ಆಕ್ಷನ್” ಅಂದದ್ದು ಕೇಳಿತು, ಕಾಲ್ ಮಾಡಿದೆ. ಗಂಗಣ್ಣ ಫೋನ್ ಎತ್ತಿದರು.

“ಏನಯ್ಯಾ, ಇಷ್ಟು ದಿನ ಆದ್ಮೇಲೆ ನೆನಪಾಯ್ತಾ?” ನಾನು ಒಣದಾಗಿ ಹೇಳಿದೆ. ಅವರು ಒಂದು ಗಳಿಗೆ ಕೇಳಿಸಿಕೊಂಡು, ಹುಸಿಮುನಿಸಿನಿಂದ ಅದನ್ನೇ ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ನನಗೇ ನಗು ಬಂತು.

“ಕಾಶಿಗಾ? ಯಾವಾಗ ಹೊರಡ್ತೀಯ?” ಅಂದೆ. ಅದನ್ನೂ ಹೇಳಿದರು.

ಮುಂದಿನ ಸಾಲು ಪೇಪರ್‌ನಲ್ಲಿ ಹೀಗಿತ್ತು: “ಸರಿ ಕಣಯ್ಯ, ನಾನೂ ಬರ್ತೀನಿ. ನನಗಿಲ್ಲಿ ಏನು ಕೆಲಸ?”

ನಾನು ಎಂಥೆಂಥ ಸಾಲು ಕೊಟ್ಟವಳು. ಬೈಗುಳ ಕೊಟ್ಟಿದ್ದೇನೆ, ಸಾಯುವವರ ಕೊನೆಯ ಮಾತು ಕೊಟ್ಟಿದ್ದೇನೆ, ಏನೂ ಅನ್ನಿಸದೆ. ಒಂದು ಸಾಲನ್ನೂ ಎಂದೂ ತಪ್ಪಿಸಿರಲಿಲ್ಲ. ಆ ಸಾಲನ್ನು ಮಾತ್ರ ನಾನು ಕೊಡಲಿಲ್ಲ. ಈ ಮನುಷ್ಯನ ಬಾಯಿಂದ ಆ ಮಾತನ್ನು ನಾನೇ ಆಡಿಸಲಾರೆ ಅನ್ನಿಸಿತು. ಫೋನ್ ಕಿವಿಗಿಟ್ಟುಕೊಂಡು ಸುಮ್ಮನೆ ನಿಂತೆ.

ಆ ಕಡೆ ಅವರು ಕಾದರು. ಉಸಿರು ಕೇಳುತ್ತಿತ್ತು. ಈಗ ಕ್ಯಾಮೆರಾ ನೋಡುತ್ತಾರೆ, ಎಲ್ಲಿದೀರಿ ಶಮೀಮಮ್ಮ ಅನ್ನುತ್ತಾರೆ, ಎಲ್ಲ ಮುಗಿಯಿತು ಅಂದುಕೊಂಡೆ.

“ಅಲೋ,” ಅಂದರು ಗಂಗಣ್ಣ. “ಯಾಕಯ್ಯ ಸುಮ್ಕಾದೆ? ಕಾಶಿಗೆ ನೀನ್ ಓಗ್ಬುಟ್ ಬಾ. ನಾನ್ ಬರಾಕಿಲ್ಲ ಕಣಪ್ಪ. ಇಲ್ಲಿ ನಂಗೆ ಕೆಲ್ಸ ಐತೆ.” ಸ್ವಲ್ಪ ತಡೆದು, “ಬರೋವಾಗ ಪೇಡ ತಗೊಂಬಾ, ಸಕ್ಕರೆ ಕಮ್ಮಿ ಇರ್ಲಿ,” ಅಂತ ಫೋನ್ ಇಟ್ಟರು.

ನಾನು ಮೆಟ್ಟಿಲು ಇಳಿದು ಓಡಿದೆ. ಕೆಳಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಚಾನೆಲ್‌ನ ಮೇಡಂ ಮಾನಿಟರ್ ಮುಂದೆ ಕಣ್ಣೊರೆಸಿಕೊಳ್ಳುತ್ತಾ, ಇವರು ಎಲ್ಲಿಗೂ ಹೋಗುವುದು ಬೇಡ, ಇನ್ನು ಮೇಲೆ ಹೀಗೇ ಅವರ ಊರಿನ ಮಾತಿನಲ್ಲೇ ಆಡಲಿ ಅಂತ ಕಿರಣ್‌ಗೆ ಹೇಳುತ್ತಿದ್ದರು. ಕಿರಣ್ ನನ್ನನ್ನು ನೋಡಿದ. ನನ್ನ ಕೈಯಲ್ಲಿದ್ದ ಪೇಪರ್ ನೋಡಿದ.

ಗಂಗಣ್ಣ ಮಾತ್ರ ನೆಟ್ಟಗೆ ನನ್ನ ಹತ್ತಿರ ಬಂದರು. ಮುಖ ಅರಳಿತ್ತು.

“ನೋಡುದ್ರಾ ಶಮೀಮಮ್ಮ? ಕಡೇ ಲೈನು ನೀವ್ ಯೋಳೋಕ್ ಮುಂಚೇನೆ ಬಂದ್ಬುಡ್ತು! ರಾತ್ರಿಯೆಲ್ಲ ಓದಿದ್ದು ಎಲ್ಲೋ ತಲೇಲಿ ಕುಂತಿತ್ತು ಕಣ್ರೀ. ಪೇಪರ್‌ನಲ್ಲಿ ಇದ್ದಂಗೇ ಯೋಳುದ್ನಾ?”

ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ.

“ಇದ್ದ ಹಾಗೇ ಹೇಳಿದ್ರಿ ಗಂಗಣ್ಣ,” ಅಂದೆ. “ಒಂದಕ್ಷರ ಆಚೀಚೆ ಆಗಲಿಲ್ಲ.”